ರೂಲ್ ಹಾಕಿದ್ದೇವೆ, ರೌಟರ್ ಕೇಳುತ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ರೌಟರಿನ ಪ್ಯಾಕೆಟ್ ಫಿಲ್ಟರ್ (ಪ್ಯಾಕೆಟ್ ಎಂಬ ಡೇಟಾ ತುಣುಕುಗಳನ್ನು ಬಿಡುವ, ತಡೆಯುವ ರೂಲ್‌ಗಳ ಪಟ್ಟಿ) ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಮೆನು, ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ.

ಪ್ರಶ್ನೆ: ನಮ್ಮದು ತೊಗರಿ ಬೇಳೆ ಮಿಲ್ಲು. ಆಫೀಸಿನಲ್ಲಿ ಮೈಕ್ರೋಟಿಕ್‌ನ ಐದು ಪೋರ್ಟಿನ ರೌಟರ್, ಅದಕ್ಕೆ ಫೈಬರ್ ಸಂಪರ್ಕ. ಲಾಗ್ ತೆರೆದರೆ ಸಾಕು, ಎಲ್ಲಿಯದೋ ಅಡ್ರೆಸ್‌ಗಳಿಂದ ‘ಲಾಗಿನ್ ಫೇಲ್ಯೂರ್’ ಸಾಲುಸಾಲು ಕೆಂಪಗೆ ಕಾಣುತ್ತದೆ. ಫೈಬರ್ ಸಿಕ್ಕಿಸಿದ ಈಥರ್1 ಪೋರ್ಟಿನಿಂದ ಒಳಗೆ ಬರುವುದನ್ನೆಲ್ಲ ಡ್ರಾಪ್ ಮಾಡು ಅಂತ ರೂಲ್ ಹಾಕಿದೆ. ಆದರೂ ನಿಂತಿಲ್ಲ. ಹಾಕಿದ್ದರಲ್ಲಿ ತಪ್ಪೇನು?
ಲೆಕ್ಕಿಗರು, ಕಲಬುರಗಿ

ಉತ್ತರ: ಮೈಕ್ರೋಟಿಕ್ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ ವಿನ್‌ಬಾಕ್ಸ್‌ನಲ್ಲಿ ಐಪಿ, ಫೈರ್‌ವಾಲ್, ಫಿಲ್ಟರ್ ರೂಲ್ಸ್ ತೆರೆದು ನಿಮ್ಮ ರೂಲಿನ ಸಾಲಿನ ಬಲತುದಿ ನೋಡಿ. ಬೈಟ್ಸ್, ಪ್ಯಾಕೆಟ್ಸ್ ಎಂಬ ಎರಡು ಕಾಲಂ ಇವೆ. ಲಾಗ್ ಕೆಂಪಗೆ ತುಂಬುತ್ತಿದ್ದರೂ ಪ್ಯಾಕೆಟ್ಸ್ ಕಾಲಂ 0 ಎಂದೇ ನಿಂತಿರುತ್ತದೆ. ಅಂದರೆ ಒಂದು ಪ್ಯಾಕೆಟ್ ಕೂಡ ಆ ರೂಲಿಗೆ ಸಿಕ್ಕಿಲ್ಲ. ರೂಲ್ ಹಾಕಿದ ಮೇಲೆ ಮೊದಲು ನೋಡಬೇಕಾದ್ದು ಈ ಲೆಕ್ಕವನ್ನೇ.

ಸಿಗದಿರುವುದಕ್ಕೆ ಕಾರಣ ಪಿಪಿಪಿಒಇ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಆಗುವ ಫೈಬರ್ ಸಂಪರ್ಕದಲ್ಲಿ ಈಥರ್1ರ ಮೇಲೆ ಬರುವುದು ಬರಿಯ ಐಪಿ ಪ್ಯಾಕೆಟ್ ಅಲ್ಲ, ಪಿಪಿಪಿಒಇ ಲಕೋಟೆಯೊಳಗೆ ಕೂತ ಪ್ಯಾಕೆಟ್. ರೌಟರ್ ಲಕೋಟೆ ಒಡೆದ ಮೇಲೆ ಅದು ಪಿಪಿಪಿಒಇ-ಔಟ್1 ಎಂಬ ಇಂಟರ್‌ಫೇಸಿನಿಂದ ಬಂದದ್ದೆಂದು ಫೈರ್‌ವಾಲಿಗೆ ಹೋಗುತ್ತದೆ. ನಿಮ್ಮ ರೂಲ್ ಈಥರ್1ರ ಹತ್ತಿರ ಕಾಯುತ್ತ ಕೂತಿದೆ, ಜನ ಬೇರೆ ಬಾಗಿಲಿನಿಂದ ಬರುತ್ತಿದ್ದಾರೆ.

ಹಾಗಾಗಿ ಒಂದು ಇಂಟರ್‌ಫೇಸಿನ ಹೆಸರು ಹಿಡಿದು ರೂಲ್ ಬರೆಯಬೇಡಿ. ಇಂಟರ್‌ಫೇಸಸ್ ಕಿಟಕಿಯ ಇಂಟರ್‌ಫೇಸ್ ಲಿಸ್ಟ್ ಟ್ಯಾಬಿನಲ್ಲಿ ವ್ಯಾನ್ (ಹೊರಗಿನ ಕಡೆ), ಲ್ಯಾನ್ (ಒಳಗಿನ ಕಡೆ) ಎಂಬ ಎರಡು ಪಟ್ಟಿ ಇರಲಿ. ವ್ಯಾನ್‌ಗೆ ಈಥರ್1, ಪಿಪಿಪಿಒಇ-ಔಟ್1 ಎರಡನ್ನೂ ಸೇರಿಸಿ, ಲ್ಯಾನ್‌ಗೆ ಒಳಗಿನ ಪೋರ್ಟುಗಳನ್ನು ಒಂದುಗೂಡಿಸುವ ಬ್ರಿಡ್ಜ್ ಸೇರಿಸಿ. ರೂಲಿನೊಳಗೆ ಹೊರಗಿನ ಐಪಿ ವಿಳಾಸವನ್ನೂ ಬರೆಯಬಾರದು. ನಮ್ಮ ಕಡೆ ಕರೆಂಟ್ ಹೋಗಿ ಬಂದು ಮತ್ತೆ ಡಯಲ್ ಆದಾಗ ಆ ವಿಳಾಸ ಬದಲಾಗಬಹುದು, ರೂಲ್ ಹಳೆಯದನ್ನೇ ಹಿಡಿದು ಕೂರುತ್ತದೆ.

ಇನ್‌ಪುಟ್ ಚೈನ್ ಅಂದರೆ ರೌಟರಿಗೇ ಬರುವ ಪ್ಯಾಕೆಟ್‌ಗಳ ದಾರಿ. ಅದರಲ್ಲಿ ಐದು ರೂಲ್ ಸಾಕು, ಇದೇ ಅನುಕ್ರಮದಲ್ಲಿ (ಅಕ್ಸೆಪ್ಟ್ ಎಂದರೆ ಒಳಗೆ ಬಿಡು, ಡ್ರಾಪ್ ಎಂದರೆ ಬಿಸಾಡು, ಎಸ್ಟಾಬ್ಲಿಷ್ಡ್ ಎಂದರೆ ಈಗಾಗಲೇ ನಡೆಯುತ್ತಿರುವ ಸಂಪರ್ಕ):

1. ಕನೆಕ್ಷನ್ ಸ್ಟೇಟ್ ಎಸ್ಟಾಬ್ಲಿಷ್ಡ್, ರಿಲೇಟೆಡ್, ಅನ್‌ಟ್ರ್ಯಾಕ್ಡ್ ಇದ್ದರೆ ಅಕ್ಸೆಪ್ಟ್.
2. ಇನ್‌ವ್ಯಾಲಿಡ್ ಇದ್ದರೆ ಡ್ರಾಪ್.
3. ಪ್ರೊಟೋಕಾಲ್ ಐಸಿಎಂಪಿ (ಪಿಂಗ್ ಮತ್ತು ದೋಷದ ಸಂದೇಶಗಳು) ಇದ್ದರೆ ಅಕ್ಸೆಪ್ಟ್.
4. ಇನ್ ಇಂಟರ್‌ಫೇಸ್ ಲಿಸ್ಟ್ ಲ್ಯಾನ್ ಇದ್ದರೆ ಅಕ್ಸೆಪ್ಟ್.
5. ಯಾವ ಷರತ್ತೂ ಇಲ್ಲದೆ ಡ್ರಾಪ್.

ರೌಟರ್ ಇವನ್ನು ಮೇಲಿಂದ ಕೆಳಗೆ ಓದುತ್ತದೆ. ಹೊಂದಿದ ಮೊದಲ ರೂಲಿನ ಅಕ್ಸೆಪ್ಟ್ ಅಥವಾ ಡ್ರಾಪ್‌ಗೇ ಪ್ಯಾಕೆಟ್ಟಿನ ಕಥೆ ಮುಗಿಯಿತು, ಕೆಳಗಿನದನ್ನು ನೋಡುವುದಿಲ್ಲ. ಯಾವುದಕ್ಕೂ ಹೊಂದದಿದ್ದರೆ ಮೈಕ್ರೋಟಿಕ್ ಒಳಗೆ ಬಿಟ್ಟುಬಿಡುತ್ತದೆ, ಆದ್ದರಿಂದ ಐದನೆಯ ರೂಲ್ ಇಲ್ಲದಿದ್ದರೆ ಮೇಲಿನ ನಾಲ್ಕರಿಂದ ಪ್ರಯೋಜನವಿಲ್ಲ. ಇನ್ನು ಮುಂದೆ ಸೇರಿಸುವ ಹೊಸ ಅಕ್ಸೆಪ್ಟ್ ರೂಲ್ ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಅದನ್ನು ಮೌಸಿನಲ್ಲಿ ಎಳೆದು ಐದನೆಯದರ ಮೇಲೆ ತನ್ನಿ. ಇಷ್ಟಾದ ಮೇಲೆ ಐದನೆಯ ರೂಲಿನ ಪ್ಯಾಕೆಟ್ಸ್ ಕಾಲಂ ನಿಮಿಷಗಳಲ್ಲೇ ಏರತೊಡಗುತ್ತದೆ, ಲಾಗ್ ತಣ್ಣಗಾಗುತ್ತದೆ.

ನೀವು ಕೇಳದಿದ್ದರೂ ಮೂರು ಕೆಲಸ ಹೇಳಲೇಬೇಕು. ಐಪಿ, ಸರ್ವೀಸಸ್‌ಗೆ ಹೋಗಿ ಟೆಲ್ನೆಟ್ 23, ಎಫ್‌ಟಿಪಿ 21, ಡಬ್ಲ್ಯೂಡಬ್ಲ್ಯೂಡಬ್ಲ್ಯೂ 80, ಎಪಿಐ 8728 ಮತ್ತು 8729 ಆಫ್ ಮಾಡಿ. ವಿನ್‌ಬಾಕ್ಸ್ 8291 ಇರಲಿ. ಎರಡನೆಯದು, ರೌಟರ್‌ಓಎಸ್ ಅಪ್‌ಡೇಟ್. 2018ರಲ್ಲಿ ಇದೇ ವಿನ್‌ಬಾಕ್ಸ್ ಪೋರ್ಟಿನಲ್ಲಿ ಒಂದು ದೋಷ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಯೂಸರ್ ಫೈಲನ್ನು ಓದಿಕೊಳ್ಳಲು ಅದರಿಂದ ಸಾಧ್ಯವಿತ್ತು. ಆ ಕಾಲದ ಆವೃತ್ತಿ ಇನ್ನೂ ಓಡುತ್ತಿದ್ದರೆ ಮೊದಲು ಅಪ್‌ಡೇಟ್, ನಂತರ ಪಾಸ್‌ವರ್ಡ್ ಬದಲಾವಣೆ. ಈ ಅನುಕ್ರಮ ತಿರುವುಮುರುವಾದರೆ ಹೊಸ ಪಾಸ್‌ವರ್ಡೂ ಓದಿಹೋಗಬಹುದು. ಮೂರನೆಯದು, ಲೆಕ್ಕದ ಕಂಪ್ಯೂಟರನ್ನು ಮನೆಯಿಂದ ತೆರೆಯಲೆಂದು ರಿಮೋಟ್ ಡೆಸ್ಕ್‌ಟಾಪಿನ 3389ನ್ನು ಯಾರಾದರೂ ಫಾರ್ವರ್ಡ್ ಮಾಡಿಟ್ಟಿದ್ದರೆ ವಿಳಾಸ ಬದಲಿಸುವ ನ್ಯಾಟ್ ಟ್ಯಾಬಿನಲ್ಲಿ ಹುಡುಕಿ ಇವತ್ತೇ ತೆಗೆಯಿರಿ. ಫೈಲುಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವವರು ಮೊದಲು ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು. ವರ್ಷದ ಲೆಕ್ಕ ಆ ಒಂದು ಪೋರ್ಟಿಗೆ ಬಲಿಯಾಗಬಾರದು.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ‘ಡ್ರಾಪ್’ ರೂಲ್ ಹಾಕಿ ಅಪ್ಲೈ ಒತ್ತಿದ್ದೇ ತಡ, ವಿನ್‌ಬಾಕ್ಸ್ ಕಡಿದುಹೋಯಿತು. ಈಗ ರೌಟರಿನೊಳಗೇ ಹೋಗಲು ಆಗುತ್ತಿಲ್ಲ. ರೀಸೆಟ್ ಮಾಡಿದರೆ ಎಲ್ಲವನ್ನೂ ಮತ್ತೆ ಕಟ್ಟಬೇಕು.
ಲ್ಯಾಬ್ ಸಹಾಯಕರು, ಯಾದಗಿರಿ

ಉತ್ತರ: ರೀಸೆಟ್ ಬೇಡ. ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರ ರೌಟರಿಗೆ ಸಿಕ್ಕಿಸಿ. ವಿನ್‌ಬಾಕ್ಸ್ ತೆರೆದು ನೇಬರ್ಸ್ ಟ್ಯಾಬಿಗೆ ಹೋಗಿ, ಅಲ್ಲಿ ಕಾಣುವ ರೌಟರಿನ ಐಪಿ ಕಾಲಂ ಬಿಟ್ಟು ಮ್ಯಾಕ್ ಅಡ್ರೆಸ್ ಕಾಲಂ ಮೇಲೆ ಕ್ಲಿಕ್ ಮಾಡಿ ಕನೆಕ್ಟ್ ಒತ್ತಿ. ಈ ದಾರಿ ಐಪಿ ಫಿಲ್ಟರಿಗೆ ಸಿಗದೆ ಹೋಗುತ್ತದೆ. ನಡುನಡುವೆ ಕಡಿಯಬಹುದು, ಆದರೆ ಒಂದು ರೂಲನ್ನು ಡಿಸೇಬಲ್ ಮಾಡುವಷ್ಟು ಹೊತ್ತು ನಿಲ್ಲುತ್ತದೆ.

ಮುಂದಿನ ಸಲದಿಂದ ಫೈರ್‌ವಾಲ್ ಮುಟ್ಟುವ ಮೊದಲು ಎಡ ಮೇಲ್ಮೂಲೆಯ ಸೇಫ್ ಮೋಡ್ ಗುಂಡಿ ಒತ್ತಿ. ಟರ್ಮಿನಲ್ಲಿನಲ್ಲಾದರೆ ಕಂಟ್ರೋಲ್ ಎಕ್ಸ್. ಬದಲಾವಣೆಯಿಂದ ನಿಮ್ಮ ಸಂಪರ್ಕವೇ ಕಡಿದರೆ ರೌಟರ್ ಅದನ್ನು ತಾನಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ 9 ನಿಮಿಷದವರೆಗೂ ಹಿಡಿಯಬಹುದು. ಎರಡು ನಿಮಿಷ ನೋಡಿ ಗಾಬರಿಯಾಗಿ ಪವರ್ ಕೇಬಲ್ ಕಿತ್ತರೆ ಏನು ಉಳಿಯಿತು, ಏನು ಹೋಯಿತು ಎಂಬ ಅನುಮಾನದಲ್ಲೇ ದಿನ ಕಳೆಯುತ್ತದೆ. ಎಲ್ಲ ಸರಿಯಿದ್ದರೆ ಸೇಫ್ ಮೋಡ್ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಹೊರಬನ್ನಿ, ಆಗಲೇ ಬದಲಾವಣೆ ಖಾಯಂ ಆಗುವುದು. ಗುಂಡಿ ಒತ್ತದೆ ವಿನ್‌ಬಾಕ್ಸ್ ಮುಚ್ಚಿ ಮನೆಗೆ ಹೋದವರ ಕೆಲಸ ಮರುದಿನ ಮಾಯವಾಗಿರುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳ ಕಂಪ್ಯೂಟರುಗಳಿಂದ ಆಫೀಸಿನ ಕಂಪ್ಯೂಟರ್ ತೆರೆಯಬಾರದು ಅಂತ ಫಾರ್ವರ್ಡ್ ಚೈನಿನಲ್ಲಿ ರೂಲ್ ಹಾಕಿದ್ದೇವೆ. ಎರಡೂ ಕಡೆ 192.168.10ರ ವಿಳಾಸಗಳೇ. ರೂಲ್ ಇದ್ದರೂ ಶೇರ್ಡ್ ಫೋಲ್ಡರ್ ತೆರೆಯುತ್ತದೆ.
ಶಿಕ್ಷಕರು, ಶಹಾಪುರ

ಉತ್ತರ: ತೆರೆಯಲೇಬೇಕು. ಒಂದೇ ಸಬ್‌ನೆಟ್ಟಿನ, ಅಂದರೆ ಒಂದೇ ವಿಳಾಸ ಗುಂಪಿನ, ಎರಡು ಕಂಪ್ಯೂಟರುಗಳು ಸ್ವಿಚ್ಚಿನಲ್ಲೇ ಮಾತಾಡಿಕೊಳ್ಳುತ್ತವೆ. ಫಾರ್ವರ್ಡ್ ಚೈನ್ ಅಂದರೆ ರೌಟರನ್ನು ದಾಟಿ ಹೋಗುವ ಪ್ಯಾಕೆಟ್‌ಗಳ ದಾರಿ. ಈ ಪ್ಯಾಕೆಟ್ ಅಲ್ಲಿಗೆ ಬರುವುದೇ ಇಲ್ಲ, ಬಾರದ್ದನ್ನು ರೂಲ್ ಹೇಗೆ ತಡೆದೀತು? ಬ್ರಿಡ್ಜ್ ಸೆಟ್ಟಿಂಗ್ಸ್‌ನಲ್ಲಿ ‘ಯೂಸ್ ಐಪಿ ಫೈರ್‌ವಾಲ್’ ಎಂಬ ಗುರುತು ಇದೆ. ಅದು ಸಣ್ಣ ರೌಟರಿನ ಪ್ರೊಸೆಸರಿಗೆ ವಿನಾಕಾರಣ ಹೊರೆ, ಮೇಲಾಗಿ ಮಕ್ಕಳ ಸ್ವಿಚ್ಚಿನೊಳಗೇ ಆಗುವ ಮಾತು ಆಗಲೂ ರೌಟರಿಗೆ ಬರದು. ನಾವು ಅದನ್ನು ಹೇಳುವುದಿಲ್ಲ.

ಸರಿಯಾದ ದಾರಿ ಎರಡು ಸಬ್‌ನೆಟ್. ಮಕ್ಕಳ ಸ್ವಿಚ್ ಸಿಕ್ಕಿಸಿದ ಈಥರ್4ನ್ನು ಬ್ರಿಡ್ಜಿನಿಂದ ತೆಗೆಯಿರಿ. ಅದಕ್ಕೆ 192.168.20.1/24 ವಿಳಾಸ ಕೊಟ್ಟು ವಿಳಾಸ ಹಂಚುವ ಬೇರೆ ಡಿಎಚ್‌ಸಿಪಿ ಸರ್ವರ್ ಕಟ್ಟಿ. ಆಮೇಲೆ ಫಾರ್ವರ್ಡ್‌ನಲ್ಲಿ 192.168.20.0/24ರಿಂದ 192.168.10.0/24ಕ್ಕೆ ಡ್ರಾಪ್. ಆಫೀಸಿನ ಪ್ರಿಂಟರ್ ಮಕ್ಕಳಿಗೂ ಬೇಕಿದ್ದರೆ ಆ ಡ್ರಾಪಿನ ಮೇಲೆ ಒಂದು ಅಕ್ಸೆಪ್ಟ್: ಪ್ರಿಂಟರಿನ ವಿಳಾಸ, ಟಿಸಿಪಿ 9100.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಜಾಗದಲ್ಲಿ. ಎಲ್ಲ ಮಾಡಿದ ಮೇಲೆ ಮಕ್ಕಳ ಕಂಪ್ಯೂಟರಿನಿಂದ 8.8.8.8ಕ್ಕೆ ಪಿಂಗ್ ಹೋಗುತ್ತದೆ, ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ. ಇಂಟರ್‌ನೆಟ್ ಕೆಟ್ಟಿದೆ ಅಂತ ಕಂಪನಿಗೆ ಫೋನ್ ಮಾಡುವ ಮೊದಲು ಲ್ಯಾನ್ ಪಟ್ಟಿ ನೋಡಿ. ಬ್ರಿಡ್ಜಿನಿಂದ ಹೊರಬಂದ ಈಥರ್4 ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಕೇಳಲು ರೌಟರಿನ 53ನೇ ಪೋರ್ಟಿಗೆ ಬರುವ ಡಿಎನ್‌ಎಸ್ ಪ್ಯಾಕೆಟ್ಟು ಇನ್‌ಪುಟ್ಟಿನ ಕೊನೆಯ ಡ್ರಾಪಿಗೆ ಬೀಳುತ್ತಿದೆ. ಈಥರ್4ನ್ನು ಲ್ಯಾನ್‌ಗೆ ಸೇರಿಸಬಹುದು. ಅದಕ್ಕಿಂತ ಒಳ್ಳೆಯದು, ಈಥರ್4ರಿಂದ ಯುಡಿಪಿ, ಟಿಸಿಪಿ 53ಕ್ಕೆ ಮಾತ್ರ ಅಕ್ಸೆಪ್ಟ್ ಕೊಡುವುದು. ಆಗ ರೌಟರಿನ ಲಾಗಿನ್ ಪುಟ ಮಕ್ಕಳ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ಬಿದರಿ ಸಾಮಾನಿನ ಅಂಗಡಿಯ ಕ್ಯಾಮೆರಾವನ್ನು ಊರ ಹೊರಗಿದ್ದಾಗ ಮೊಬೈಲಿನಲ್ಲಿ ನೋಡಬೇಕು. ಡಿವಿಆರ್‌ನ ಪೋರ್ಟ್ ಫಾರ್ವರ್ಡ್ ಮಾಡಿದರೂ ಬರುತ್ತಿಲ್ಲ. ಕ್ಯಾಮೆರಾ ಹಾಕಿದವರು ‘ಫೈರ್‌ವಾಲ್ ಪೂರ್ತಿ ಆಫ್ ಮಾಡಿ’ ಅನ್ನುತ್ತಾರೆ.
ವ್ಯಾಪಾರಿ, ಬೀದರ್

ಉತ್ತರ: ಆಫ್ ಮಾಡಬೇಡಿ. ಐಪಿ, ಅಡ್ರೆಸಸ್‌ನಲ್ಲಿ ಪಿಪಿಪಿಒಇ-ಔಟ್1ರ ಎದುರಿಗಿರುವ ಸಂಖ್ಯೆ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮಗೆ ಸ್ವಂತದ ಸಾರ್ವಜನಿಕ ವಿಳಾಸವೇ ಇಲ್ಲ. ಒಂದೇ ವಿಳಾಸದ ಹಿಂದೆ ಹಲವು ಗ್ರಾಹಕರನ್ನು ಕೂರಿಸಲು ಕಂಪನಿಗಳಿಗೆಂದು 2012ರಲ್ಲಿ ಮೀಸಲಿಟ್ಟ ಶ್ರೇಣಿ ಅದು. ಹೊರಗಿನಿಂದ ಬರುವ ಪ್ಯಾಕೆಟ್ ಕಂಪನಿಯ ಯಂತ್ರದಲ್ಲೇ ನಿಲ್ಲುತ್ತದೆ. ನಿಮ್ಮ ಫೈರ್‌ವಾಲ್ ಆಫ್ ಮಾಡಿದರೆ ರಕ್ಷಣೆ ಹೋಯಿತೇ ಹೊರತು ಕ್ಯಾಮೆರಾ ಬರಲಿಲ್ಲ.

ಸಾರ್ವಜನಿಕ ವಿಳಾಸ ಇದ್ದರೂ ಡಿವಿಆರನ್ನು ನೇರ ಹೊರಗೆ ತೆರೆಯಬಾರದು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರಿನ ದಾಳಿಯಲ್ಲಿ ಕ್ಯಾಮೆರಾ, ಡಿವಿಆರ್‌ಗಳೇ ಸೈನ್ಯವಾದದ್ದು. ಬಿಚ್ಚಿಟ್ಟ ಟೆಲ್ನೆಟ್ ಪೋರ್ಟಿಗೆ ಬಂದು, ಕಾರ್ಖಾನೆಯಿಂದ ಬಂದ ಯೂಸರ್‌ನೇಮ್, ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಸಾಕಾಗಿತ್ತು.

ಬದಲಿಗೆ ವೈರ್‌ಗಾರ್ಡ್ ವಿಪಿಎನ್ (ಮೊಬೈಲಿನಿಂದ ರೌಟರಿಗೆ ಗೂಢಲಿಪಿಯ ಖಾಸಗಿ ದಾರಿ) ಕಟ್ಟಿ. ರೌಟರಿನಲ್ಲಿ ವೈರ್‌ಗಾರ್ಡ್1 ಇಂಟರ್‌ಫೇಸ್ ಮಾಡಿದರೆ ಅದು ಯುಡಿಪಿ 13231ರಲ್ಲಿ ಕಾಯುತ್ತದೆ. ಇನ್‌ಪುಟ್ಟಿನ ಕೊನೆಯ ಡ್ರಾಪಿನ ಮೇಲೆ ಆ ಪೋರ್ಟಿಗೆ ಒಂದು ಅಕ್ಸೆಪ್ಟ್ ಬೇಕು, ಕೆಳಗೆ ಹಾಕಿದರೆ ಹ್ಯಾಂಡ್‌ಶೇಕ್ ಆಗುವುದೇ ಇಲ್ಲ. 100.64ರ ವಿಳಾಸದವರಿಗೆ ಇದು ನಡೆಯದು. ಆರ್ಮ್ ಪ್ರೊಸೆಸರಿನ ರೌಟರ್, 7.12 ಅಥವಾ ಮುಂದಿನ ಆವೃತ್ತಿ ಇದ್ದರೆ ‘ಬ್ಯಾಕ್ ಟು ಹೋಮ್’ ಎಂಬ ಸೌಲಭ್ಯ ಮೈಕ್ರೋಟಿಕ್ ಕಂಪನಿಯ ರಿಲೇ ಮೂಲಕ ದಾಟಿಸುತ್ತದೆ. ಇಲ್ಲದಿದ್ದರೆ ಇಂಟರ್‌ನೆಟ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೊಳ್ಳಬೇಕು.

ಡಿವಿಆರ್ ತಾನಾಗಿ ಹೊರಗೆ ಹೋಗುವುದನ್ನೂ ನಿಲ್ಲಿಸಿ: ಅದರ ವಿಳಾಸದಿಂದ ಹೊರಡುವ, ಕನೆಕ್ಷನ್ ಸ್ಟೇಟ್ ನ್ಯೂ ಆಗಿರುವ ಪ್ಯಾಕೆಟ್ಟಿಗೆ ಫಾರ್ವರ್ಡ್‌ನಲ್ಲಿ ಡ್ರಾಪ್. ಗಡಿಯಾರಕ್ಕೆಂದು ಯುಡಿಪಿ 123ಕ್ಕೆ ಮೊದಲೇ ಅಕ್ಸೆಪ್ಟ್ ಕೊಟ್ಟಿರಿ, ಇಲ್ಲದಿದ್ದರೆ ಬರಬರುತ್ತ ರೆಕಾರ್ಡಿಂಗಿನ ಸಮಯ ತಪ್ಪುತ್ತದೆ. ವಿಪಿಎನ್‌ನಿಂದ ನೀವು ಕೇಳಿದ ಚಿತ್ರಕ್ಕೆ ಡಿವಿಆರ್ ಕೊಡುವ ಉತ್ತರ ಎಸ್ಟಾಬ್ಲಿಷ್ಡ್ ಆಗಿರುವುದರಿಂದ ಈ ರೂಲಿಗೆ ಸಿಗುವುದಿಲ್ಲ.

ಪ್ರಶ್ನೆ: ನೀಟ್ ಕೋಚಿಂಗ್ ಹಾಸ್ಟೆಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಇಂಟರ್‌ನೆಟ್ ಬಂದ್ ಆಗಬೇಕು. ಟೈಮ್ ಹಾಕಿ ಡ್ರಾಪ್ ರೂಲ್ ಕೊಟ್ಟಿದ್ದೇವೆ. 10 ಗಂಟೆಗೆ ಹೊಸ ಪುಟ ತೆರೆಯುವುದಿಲ್ಲ, ಆದರೆ ಓಡುತ್ತಿದ್ದ ವಿಡಿಯೊ ಓಡುತ್ತಲೇ ಇರುತ್ತದೆ. ಯೂಟ್ಯೂಬ್ ಪೂರ್ತಿ ಬಂದ್ ಮಾಡುವುದು ಹೇಗೆ?
ವಾರ್ಡನ್, ಕಲಬುರಗಿ

ಉತ್ತರ: ಓಡುತ್ತಿರುವ ವಿಡಿಯೊ ಈಗಾಗಲೇ ಎಸ್ಟಾಬ್ಲಿಷ್ಡ್ ಆದ ಸಂಪರ್ಕ. ಫಾರ್ವರ್ಡ್ ಚೈನಿನ ತಲೆಯಲ್ಲಿ ಫಾಸ್ಟ್‌ಟ್ರ್ಯಾಕ್ ರೂಲ್ ಇರುತ್ತದೆ. ಅದಕ್ಕೆ ಸಿಕ್ಕ ಸಂಪರ್ಕದ ಬಹುಪಾಲು ಪ್ಯಾಕೆಟ್‌ಗಳು ಫಿಲ್ಟರನ್ನೂ ಸ್ಪೀಡ್ ಮಿತಿಯ ಕ್ಯೂವನ್ನೂ ಮುಟ್ಟದೆ ಹಾದುಹೋಗುತ್ತವೆ. ಸ್ಪೀಡ್ ಮಿತಿ ಹಾಕಿದರೂ ಹಿಡಿಯುತ್ತಿಲ್ಲ ಎಂದು ಭಾಲ್ಕಿ, ಸೇಡಂ ಓದುಗರು ಕೇಳಿದ್ದಕ್ಕೂ ಇದೇ ಉತ್ತರ. ಹಾಸ್ಟೆಲ್ ಸಬ್‌ನೆಟ್ಟಿನಿಂದ ಹೋಗುವುದಕ್ಕೂ ಅಲ್ಲಿಗೆ ಬರುವುದಕ್ಕೂ ಸಾಮಾನ್ಯ ಎಸ್ಟಾಬ್ಲಿಷ್ಡ್ ಅಕ್ಸೆಪ್ಟನ್ನು ಫಾಸ್ಟ್‌ಟ್ರ್ಯಾಕ್‌ಗಿಂತ ಮೇಲೆ ಹಾಕಿ. ಟೈಮ್ ಇರುವ ಡ್ರಾಪನ್ನು ಅದಕ್ಕೂ ಮೇಲೆ, ಎಲ್ಲಕ್ಕಿಂತ ಮೊದಲು ಇಡಿ. ಆಗ 10 ಗಂಟೆಗೆ ವಿಡಿಯೊ ಬಫರ್‌ನಲ್ಲಿ ಉಳಿದಷ್ಟು ಓಡಿ ನಿಲ್ಲುತ್ತದೆ.

ಗಡಿಯಾರವನ್ನು ಮರೆಯಬೇಡಿ. ಇಂಥ ಸಣ್ಣ ರೌಟರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಗಡಿಯಾರ ಇರುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇಂಟರ್‌ನೆಟ್ಟಿನ ಸಮಯ ಸೇವೆಯಾದ ಎನ್‌ಟಿಪಿಯಿಂದ ಸಮಯ ಸಿಗುವವರೆಗೆ ತಪ್ಪು ಹೊತ್ತು ಹಿಡಿದು ರೂಲ್ ನಡೆಸುತ್ತವೆ. ಸಿಸ್ಟಮ್, ಎನ್‌ಟಿಪಿ ಕ್ಲೈಂಟ್ ಆನ್ ಇರಲಿ, ಟೈಮ್ ಜೋನ್ ಏಷ್ಯಾ/ಕೋಲ್ಕತಾ ಇರಲಿ.

ಯೂಟ್ಯೂಬ್ ವಿಷಯ ಕಷ್ಟದ್ದು. ಐಪಿ ವಿಳಾಸ ಹಿಡಿದು ತಡೆಯಲು ಹೋದರೆ ಗೂಗಲ್‌ನ ಬೇರೆ ಸೇವೆಗಳೂ ಕೆಡುತ್ತವೆ. ಸಂಪರ್ಕದ ಆರಂಭದಲ್ಲಿ ಬರುವ ಸೈಟಿನ ಹೆಸರನ್ನು ನೋಡುವ ಟಿಎಲ್‌ಎಸ್ ಹೋಸ್ಟ್ ಎಂಬ ಹೊಂದಿಕೆ ಮೊದಲು ಚೆನ್ನಾಗಿ ನಡೆಯುತ್ತಿತ್ತು. 2024ರಲ್ಲಿ ಕ್ರೋಮ್ 124 ಹೊಸ ಬಗೆಯ ಕೀ ವಿನಿಮಯ ಶುರುಮಾಡಿದ ಮೇಲೆ ಬ್ರೌಸರಿನ ಮೊದಲ ‘ಹಲೋ’ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವುದಿಲ್ಲ. ಸೈಟಿನ ಹೆಸರು ಎರಡನೆಯ ಪ್ಯಾಕೆಟ್ಟಿಗೆ ಜಾರಿದರೆ ರೂಲ್ ಕುರುಡು. ಯುಡಿಪಿ 443ರ ಕ್ವಿಕ್ ಪ್ರೊಟೋಕಾಲಿನಲ್ಲಂತೂ ಅದು ನಡೆಯುವುದೇ ಇಲ್ಲ. ಹಾಗಾಗಿ ಡಿಎನ್‌ಎಸ್ ಮಟ್ಟದಲ್ಲಿ ಹಿಡಿಯಿರಿ. ನ್ಯಾಟ್‌ನಲ್ಲಿ ಹಾಸ್ಟೆಲಿನಿಂದ 53ಕ್ಕೆ ಹೋಗುವ ಯುಡಿಪಿ, ಟಿಸಿಪಿ ಎರಡನ್ನೂ ರಿಡೈರೆಕ್ಟ್ ಮಾಡಿ ರೌಟರಿಗೇ ತಿರುಗಿಸಿ. ಗೂಢಲಿಪಿ ಡಿಎನ್‌ಎಸ್ ಹೋಗುವ 853ನ್ನು ರಿಜೆಕ್ಟ್ ಮಾಡಿ. 1.1.1.1, 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ವಿಳಾಸಗಳ 443ನ್ನೂ ಮುಚ್ಚಿ, ಇಲ್ಲದಿದ್ದರೆ ಬ್ರೌಸರ್ ಎಚ್‌ಟಿಟಿಪಿಎಸ್ ಒಳಗೇ ಡಿಎನ್‌ಎಸ್ ಕೇಳಿಬಿಡುತ್ತದೆ.

ಆದರೆ ಕೋಚಿಂಗ್ ಮಕ್ಕಳಿಗೆ ಯೂಟ್ಯೂಬಿನಲ್ಲಿ ಪಾಠವೂ ಇದೆ. ಪೂರ್ತಿ ಬಂದ್ ಮಾಡುವುದಕ್ಕಿಂತ ಐಪಿ, ಡಿಎನ್‌ಎಸ್, ಸ್ಟ್ಯಾಟಿಕ್‌ನಲ್ಲಿ ಯೂಟ್ಯೂಬ್‌ನ ವಿಳಾಸಗಳನ್ನು 216.239.38.120ಕ್ಕೆ ತಿರುಗಿಸಿ. ಅದು ಗೂಗಲ್ ತಾನೇ ಕೊಡುವ ನಿರ್ಬಂಧಿತ ಯೂಟ್ಯೂಬ್. ಸ್ವಂತ ಸಿಮ್ಮಿನ ಡೇಟಾ ಇರುವ ಫೋನಿಗೆ ಇದಾವುದೂ ತಾಗುವುದಿಲ್ಲ, ಪಾಲಕರಿಗೆ ಅದನ್ನು ಮೊದಲೇ ತಿಳಿಸಿ.

ಪ್ರಶ್ನೆ: ಸಿಸ್ಕೋ ರೌಟರಿನಲ್ಲಿ ಟೆಲ್ನೆಟ್ ಮಾತ್ರ ತಡೆಯಲು ಅಕ್ಸೆಸ್-ಲಿಸ್ಟ್ 110ರಲ್ಲಿ ಒಂದೇ ಡಿನೈ ಸಾಲು ಬರೆದೆ. ಇಡೀ ಲ್ಯಾಬಿನ ಇಂಟರ್‌ನೆಟ್ ಹೋಯಿತು.
ಎಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಉತ್ತರ: ಸಿಸ್ಕೋದಲ್ಲಿ ಪಟ್ಟಿಯ ಕೊನೆಗೆ ಕಣ್ಣಿಗೆ ಕಾಣದ ‘ಡಿನೈ ಐಪಿ ಎನಿ ಎನಿ’ ಇದ್ದೇ ಇರುತ್ತದೆ. ಮೈಕ್ರೋಟಿಕ್‌ಗೆ ಇದು ನೇರ ವಿರುದ್ಧ. ನಿಮ್ಮ ಡಿನೈ ಸಾಲಿನ ಕೆಳಗೆ ‘ಪರ್ಮಿಟ್ ಐಪಿ ಎನಿ ಎನಿ’ ಬರೆಯಿರಿ.

ಮಾಸ್ಕ್ ಕೂಡ ಪರೀಕ್ಷಿಸಿ. ಇಲ್ಲಿ ಬೇಕಾದ್ದು ವೈಲ್ಡ್‌ಕಾರ್ಡ್, ಅಂದರೆ ಸಬ್‌ನೆಟ್ ಮಾಸ್ಕಿನ ತಿರುವುಮುರುವು: 255.255.255.0ಕ್ಕೆ 0.0.0.255, 255.255.255.192ಕ್ಕೆ 0.0.0.63. ಅಭ್ಯಾಸಬಲದಿಂದ 192.168.10.0 255.255.255.0 ಎಂದು ಬರೆದರೆ ರೌಟರ್ ದೋಷ ತೋರಿಸುವುದಿಲ್ಲ, ಅದನ್ನು 0.0.0.0 255.255.255.0 ಎಂದು ಇಟ್ಟುಕೊಳ್ಳುತ್ತದೆ. ಅಂದರೆ ಕೊನೆಯ ಚುಕ್ಕಿಯ ನಂತರದ ಸಂಖ್ಯೆ ಬರಿಯ 0 ಇರುವ ವಿಳಾಸಗಳು ಮಾತ್ರ. ನಿಮ್ಮ ಲ್ಯಾಬಿನ ಒಂದು ಕಂಪ್ಯೂಟರೂ ಅದಕ್ಕೆ ಹೊಂದದು. ‘ಶೋ ಅಕ್ಸೆಸ್-ಲಿಸ್ಟ್ಸ್’ ಕೊಟ್ಟು ಬರೆದದ್ದು ಹಾಗೇ ಉಳಿದಿದೆಯೇ ನೋಡಿ, ಪ್ರತಿ ಸಾಲಿನ ಎದುರಿನ ಮ್ಯಾಚಸ್ ಲೆಕ್ಕವನ್ನೂ ನೋಡಿ.

ಸಂಖ್ಯೆಯ ಪಟ್ಟಿಯ ಒಂದು ಸಾಲು ತೆಗೆಯಲು ‘ನೋ ಅಕ್ಸೆಸ್-ಲಿಸ್ಟ್ 110’ ಎಂದು ಶುರುಮಾಡಿದರೆ ಪೂರ್ತಿ ಪಟ್ಟಿಯೇ ಅಳಿಯುತ್ತದೆ. ಹೆಸರಿನ ಪಟ್ಟಿ ಮಾಡಿ. ಸಾಲುಗಳು 10, 20, 30 ಎಂದು ಬರುತ್ತವೆ, ನಡುವೆ 15 ಸೇರಿಸಬಹುದು. ದೂರದ ರೌಟರ್ ಆದರೆ ಮೊದಲು ಸರಿಯಿರುವ ಸೆಟ್ಟಿಂಗನ್ನು ಸೇವ್ ಮಾಡಿ ‘ರೀಲೋಡ್ ಇನ್ 10’ ಕೊಟ್ಟು ಕೆಲಸ ಆರಂಭಿಸಿ. ಸಂಪರ್ಕ ಕಡಿದರೆ ಹತ್ತು ನಿಮಿಷಕ್ಕೆ ಅದು ಹಳೆಯ ಸೆಟ್ಟಿಂಗಿಗೆ ಎದ್ದು ಬರುತ್ತದೆ, ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’.

ಪ್ರಶ್ನೆ: ಪಿಂಗ್ ಬರಬಾರದು ಅಂತ ಐಸಿಎಂಪಿ ಪೂರ್ತಿ ಬಂದ್ ಮಾಡಿದ್ದೇವೆ. ಅಂದಿನಿಂದ ಕೆಲವು ಸೈಟುಗಳು ಅರ್ಧಕ್ಕೆ ನಿಲ್ಲುತ್ತವೆ.
ಸೈಬರ್ ಸೆಂಟರ್, ಸುರಪುರ

ಉತ್ತರ: ಆ ರೂಲ್ ತೆಗೆದುಬಿಡಿ. ಪಿಪಿಪಿಒಇ ಸಂಪರ್ಕದಲ್ಲಿ 1500 ಬೈಟಿನ ಪ್ಯಾಕೆಟ್ ಹಿಡಿಸುವುದಿಲ್ಲ, ಮಿತಿ 1492. ‘ಇದು ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂಬ ಸಂದೇಶ ಐಸಿಎಂಪಿ ಟೈಪ್ 3, ಕೋಡ್ 4ರಲ್ಲಿ ಬರುತ್ತದೆ. ಅದನ್ನೂ ಕೊಂದರೆ ಕಳಿಸುವ ಯಂತ್ರ ದೊಡ್ಡ ಪ್ಯಾಕೆಟ್ಟನ್ನೇ ಕಳಿಸುತ್ತಿರುತ್ತದೆ, ಅದು ದಾರಿಯಲ್ಲೇ ಬಿದ್ದುಹೋಗುತ್ತಿರುತ್ತದೆ.

ಪ್ರಶ್ನೆ: ಐಪಿವಿ4ಕ್ಕೆ ಹಾಕಿದ ರೂಲ್‌ಗಳು ಹೊಸ ವಿಳಾಸ ಪದ್ಧತಿಯಾದ ಐಪಿವಿ6ಕ್ಕೂ ಸಾಕೇ?
ಓದುಗರು, ಹುಮನಾಬಾದ್

ಉತ್ತರ: ಸಾಕಾಗುವುದಿಲ್ಲ. ಐಪಿವಿ6, ಫೈರ್‌ವಾಲ್ ಎಂಬ ಬೇರೆಯೇ ಕಿಟಕಿ ಇದೆ, ಅದು ಖಾಲಿ ಇದ್ದರೆ ಎಲ್ಲವೂ ತೆರೆದಿದೆ. ಐಪಿವಿ4ರಲ್ಲಿ ನ್ಯಾಟ್ ಒಂದು ಪರದೆಯಂತೆ ಇತ್ತು. ಐಪಿವಿ6ರಲ್ಲಿ ಸಾಮಾನ್ಯವಾಗಿ ಅದಿಲ್ಲ, ಮನೆಯ ಪ್ರತಿ ಫೋನು, ಡಿವಿಆರ್‌ಗೂ ಹೊರಗಿನಿಂದ ತಲುಪಬಹುದಾದ ವಿಳಾಸ ಸಿಗುತ್ತದೆ. ಹಳೆಯ ರೌಟರಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಈ ರೂಲ್‌ಗಳು ತಾವಾಗಿ ಬರುವುದಿಲ್ಲ.

ಮೇಲಿನ ಐದು ರೂಲನ್ನೇ ಇನ್‌ಪುಟ್‌ಗೆ ಬರೆಯಿರಿ, ಐಸಿಎಂಪಿ ಜಾಗದಲ್ಲಿ ಐಸಿಎಂಪಿವಿ6 ಇರಲಿ. ಅದನ್ನು ಇಲ್ಲಿ ತಡೆದರೆ ಅಕ್ಕಪಕ್ಕದ ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳುವುದೇ ನಿಲ್ಲುತ್ತದೆ. ಕಂಪನಿಯಿಂದ ವಿಳಾಸ ಬರಲು ಎಫ್‌ಇ80::/10ರಿಂದ ಯುಡಿಪಿ 546ಕ್ಕೆ ಅಕ್ಸೆಪ್ಟ್ ಸೇರಿಸಿ. ಫಾರ್ವರ್ಡ್‌ನಲ್ಲೂ ಎಸ್ಟಾಬ್ಲಿಷ್ಡ್ ಅಕ್ಸೆಪ್ಟ್, ಇನ್‌ವ್ಯಾಲಿಡ್ ಡ್ರಾಪ್, ಐಸಿಎಂಪಿವಿ6 ಅಕ್ಸೆಪ್ಟ್, ಕೊನೆಗೆ ಲ್ಯಾನ್‌ನಿಂದ ಬಾರದ್ದೆಲ್ಲ ಡ್ರಾಪ್. ಮುಗಿದ ಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಡಿವಿಆರ್‌ನ ಐಪಿವಿ6 ವಿಳಾಸವನ್ನು ಬ್ರೌಸರಿನಲ್ಲಿ ಚೌಕ ಆವರಣದೊಳಗೆ ಬರೆದು ತೆರೆಯಿರಿ. ಪುಟ ಬಾರದೆ ಟೈಮ್‌ಔಟ್ ಆಗಬೇಕು, ಅದೇ ಹೊತ್ತಿಗೆ ಕೊನೆಯ ಡ್ರಾಪ್ ರೂಲಿನ ಪ್ಯಾಕೆಟ್ಸ್ ಕಾಲಂ ಏರಿರಬೇಕು. ಏರದೆ ಪುಟವೂ ಬಾರದಿದ್ದರೆ ಪ್ಯಾಕೆಟ್ ನಿಮ್ಮ ರೌಟರಿನವರೆಗೆ ಬಂದೇ ಇಲ್ಲ. ಬೇರೆ ಕಂಪನಿಯ ಸಿಮ್ಮಿನಿಂದ ಮತ್ತೊಮ್ಮೆ ನೋಡಿ.